ಗ್ಯಾನೋಡರ್ಮಾ ಅಣಬೆ ನಂಬಿ ಶುಗರ್ ಮಾತ್ರೆ ಬಿಡಬಹುದೇ?

ಪ್ರಶ್ನೆ: ನನ್ನ ತಾಯಿಗೆ 64 ವರ್ಷ. ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ. ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ ತೆಗೆದುಕೊಳ್ಳುತ್ತಾರೆ. ಕಳೆದ ವರ್ಷ ಹೃದಯಕ್ಕೆ ಸ್ಟೆಂಟ್ ಹಾಕಿದ ಮೇಲೆ ಆಸ್ಪಿರಿನ್ ಮತ್ತು ಕ್ಲೊಪಿಡೊಗ್ರೆಲ್ ಕೂಡ ನಡೆಯುತ್ತಿದೆ. ದೊಡ್ಡಪ್ಪನ ಮಗ ಗ್ಯಾನೋಡರ್ಮಾ ಅಣಬೆಯ ಕ್ಯಾಪ್ಸೂಲ್ ಡಬ್ಬಿಯನ್ನೂ ಅದೇ ಅಣಬೆಯ ಕಾಫಿ ಪುಡಿಯನ್ನೂ ತಂದುಕೊಟ್ಟಿದ್ದಾನೆ. ದಿನಕ್ಕೆ ನಾಲ್ಕು ಕ್ಯಾಪ್ಸೂಲ್, ಒಂದೊಂದರಲ್ಲಿ 500 ಮಿಲಿಗ್ರಾಂ. ಇದು ಅಣಬೆಗಳ ರಾಜ, 200ಕ್ಕೂ ಹೆಚ್ಚು ಪೋಷಕಾಂಶ ಇದೆ, ಮೂರು ತಿಂಗಳಲ್ಲಿ ಎಲ್ಲ ಮಾತ್ರೆ ಬಿಡಬಹುದು ಎನ್ನುತ್ತಾನೆ. ಶುರುವಿನಲ್ಲಿ ಭೇದಿ, ತುರಿಕೆ ಆದರೆ ಹೆದರಬೇಡಿ, ವಿಷ ಹೊರಗೆ ಹೋಗುತ್ತಿದೆ ಎಂದರ್ಥವಂತೆ. ಕೊಡಬಹುದೇ? ಇನ್ನೊಂದು ಮಾತು, ಡಬ್ಬಿಯ ಮೇಲಿನ ಚಿತ್ರದಂಥದೇ ಅಣಬೆ ನಮ್ಮ ತೋಟದಲ್ಲಿ ಒಂದು ಅಡಿಕೆ ಮರದ ಬುಡಕ್ಕೆ ಬಂದಿದೆ. ಅದನ್ನೇ ಒಣಗಿಸಿ ಕಷಾಯ ಮಾಡಿದರೆ ಆಗದೇ?
ಗುಬ್ಬಿ ತಾಲ್ಲೂಕಿನ ಓದುಗರು

ಉತ್ತರ: ಅವಸರದ ಮಾತನ್ನು ಮೊದಲು ಹೇಳಿಬಿಡುತ್ತೇನೆ. ತಾಯಿಯವರ ಮಾತ್ರೆಗಳಲ್ಲಿ ಒಂದನ್ನೂ ಬಿಡಬೇಡಿ, ಕಡಿಮೆಯೂ ಮಾಡಬೇಡಿ. ‘ಎಲ್ಲ ಮಾತ್ರೆ ಬಿಡಬಹುದು’ ಎಂದವರಿಗೆ ಆ ‘ಎಲ್ಲ’ದರೊಳಗೆ ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಸೇರಿವೆ ಎಂಬುದು ಹೊಳೆದಂತಿಲ್ಲ. ಸ್ಟೆಂಟ್ ಹಾಕಿಸಿಕೊಂಡವರು ಈ ಎರಡನ್ನು ತಾವೇ ನಿಲ್ಲಿಸಿದರೆ ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟಿ ಹೃದಯಾಘಾತವಾಗಬಹುದು. ಇವುಗಳಲ್ಲಿ ಯಾವುದನ್ನು ಯಾವಾಗ ನಿಲ್ಲಿಸಬೇಕು ಎಂದು ಹೇಳುವವರು ಹೃದ್ರೋಗ ವೈದ್ಯರು ಮಾತ್ರ.

ಮಾತ್ರೆಗಳ ಜೊತೆಗೇ ಕ್ಯಾಪ್ಸೂಲನ್ನೂ ಕೊಟ್ಟರಾಯಿತಲ್ಲ ಎಂದು ನೀವು ಕೇಳಬಹುದು. ನಿಮ್ಮ ತಾಯಿಯವರ ಮಟ್ಟಿಗೆ ಅದೂ ಬೇಡ ಎನ್ನುತ್ತೇನೆ. ಕಾರಣಗಳು ಸ್ವಲ್ಪ ಉದ್ದವಿವೆ, ದಯವಿಟ್ಟು ಓದಿ.

ಗ್ಯಾನೋಡರ್ಮಾ ಪೊಳ್ಳು ವಸ್ತುವಲ್ಲ. ಚೀನಾದವರು ಲಿಂಗ್‌ಝಿ ಎಂದೂ ಜಪಾನಿನವರು ರೀಶಿ ಎಂದೂ ಕರೆಯುವ ಈ ಅಣಬೆ ಅವರ ವೈದ್ಯದಲ್ಲಿ ಸುಮಾರು ಎರಡು ಸಾವಿರ ವರ್ಷಗಳಿಂದ ಇದೆ. ಅಲ್ಲಿನ ಅತಿ ಹಳೆಯ ಔಷಧಿ ಗ್ರಂಥ ಶೆನ್‌ನಾಂಗ್ ಬೆನ್‌ಸಾವೋ ಜಿಂಗ್ ಇದನ್ನು ಬಣ್ಣದ ಮೇಲೆ ಆರು ಬಗೆಯಾಗಿ ವಿಂಗಡಿಸಿ ಮೇಲ್ದರ್ಜೆಯ ಔಷಧಿಗಳ ಸಾಲಿನಲ್ಲಿ ಇಟ್ಟಿತು. ಮಾರುವವರು ಇಲ್ಲಿಗೆ ಕಥೆ ನಿಲ್ಲಿಸುತ್ತಾರೆ. ಆದರೆ 16ನೇ ಶತಮಾನದಲ್ಲಿ ಅದೇ ಚೀನಾದ ದೊಡ್ಡ ವೈದ್ಯ ಲಿ ಶಿಝೆನ್ ತನ್ನ ಬೆನ್‌ಸಾವೋ ಗಾಂಗ್‌ಮು ಎಂಬ ಗ್ರಂಥದಲ್ಲಿ, ಈ ಅಣಬೆ ಕೊಳೆತದ್ದರ ಮೇಲೆ ಏಳುವಂಥದು, ಇದನ್ನು ತಿಂದರೆ ಅಮರರಾಗುತ್ತಾರೆ ಎಂಬ ಮಾತು ಅಸಂಬದ್ಧ ಎಂದು ಖಡಾಖಂಡಿತವಾಗಿ ಬರೆದ. ಪರಂಪರೆ ಎಂದರೆ ಹೊಗಳಿಕೆಯೊಂದೇ ಅಲ್ಲ, ಅದರೊಳಗೆ ಅನುಮಾನಿಸಿದವರೂ ಇದ್ದರು. ನನಗೆ ಲಿ ಶಿಝೆನ್ ಮೇಲೆ ಗೌರವ ಹೆಚ್ಚು.

ಈಗ ಪೋಷಕಾಂಶದ ಮಾತು. ಒಣಗಿದ ಗ್ಯಾನೋಡರ್ಮಾದಲ್ಲಿ ಸುಮಾರು ಶೇ 59ರಷ್ಟು ಒರಟು ನಾರು, ಶೇ 26–28ರಷ್ಟು ಕಾರ್ಬೋಹೈಡ್ರೇಟ್, ಶೇ 7–8ರಷ್ಟು ಪ್ರೋಟೀನ್, ಶೇ 3–5ರಷ್ಟು ಕೊಬ್ಬು ಇರುವುದಾಗಿ ವಿಶ್ಲೇಷಣೆಗಳು ಹೇಳುತ್ತವೆ. ಪೊಟ್ಯಾಸಿಯಂ, ಮೆಗ್ನೀಸಿಯಂ, ಕ್ಯಾಲ್ಸಿಯಂ, ಸೆಲೆನಿಯಂ ಇತ್ಯಾದಿ ಖನಿಜಗಳೂ ಇವೆ. ಪಟ್ಟಿ ನೋಡಿದರೆ ಭರ್ಜರಿಯಾಗಿದೆ. ಆದರೆ ತಾಯಿಯವರು ತಿನ್ನುವುದು ದಿನಕ್ಕೆ 2 ಗ್ರಾಂ. ಲೆಕ್ಕ ಹಾಕಿ: ಪ್ರೋಟೀನ್ ಸುಮಾರು 150 ಮಿಲಿಗ್ರಾಂ, ನಾರು ಒಂದು ಗ್ರಾಂ ಚಿಲ್ಲರೆ. 70 ಗ್ರಾಂ ರಾಗಿ ಹಿಟ್ಟಿನ ಒಂದು ಮುದ್ದೆಯಲ್ಲಿ ನಾರು 8 ಗ್ರಾಂ ಹತ್ತಿರ, ಪ್ರೋಟೀನ್ 5 ಗ್ರಾಂ, ಕ್ಯಾಲ್ಸಿಯಂ 250 ಮಿಲಿಗ್ರಾಂ ಇರುತ್ತದೆ. ಜೊತೆಗೆ ಹೆಸರುಕಾಳಿನ ಸಾರು ಇದ್ದರಂತೂ ಹೇಳಬೇಕಾದ್ದೇ ಇಲ್ಲ. ಪೋಷಕಾಂಶಕ್ಕಾಗಿ ಗ್ಯಾನೋಡರ್ಮಾ ತಿನ್ನುವುದಕ್ಕೆ ಅರ್ಥವೇ ಇಲ್ಲ. ‘200 ಪೋಷಕಾಂಶ’ ಎಂದು ಅವರು ಎಣಿಸಿರುವುದು ಪೋಷಕಾಂಶಗಳನ್ನಲ್ಲ, ಈ ಅಣಬೆಯಲ್ಲಿ ಗುರುತಿಸಲಾದ ರಾಸಾಯನಿಕಗಳನ್ನು. ಯಾವ ಸೊಪ್ಪನ್ನೇ ಪ್ರಯೋಗಾಲಯಕ್ಕೆ ಒಯ್ದರೂ ಅಂಥ ನೂರಾರು ಸಿಗುತ್ತವೆ.

ಕರಪತ್ರಗಳಲ್ಲಿ ಜರ್ಮೇನಿಯಂ ಎಂಬ ಹೆಸರೂ ಇರಬಹುದು, ಅದು ರಕ್ತಕ್ಕೆ ಆಮ್ಲಜನಕ ಕೊಡುತ್ತದೆ ಎಂಬ ವಿವರಣೆಯ ಜೊತೆಗೆ. ಮನುಷ್ಯನ ದೇಹಕ್ಕೆ ಜರ್ಮೇನಿಯಂ ಬೇಕು ಎಂಬುದಕ್ಕೆ ಆಧಾರವಿಲ್ಲ. ಜಪಾನಿನಲ್ಲಿ 1980ರ ದಶಕದಲ್ಲಿ ಜರ್ಮೇನಿಯಂ ಪೂರಕಗಳನ್ನು ತಿಂಗಳುಗಟ್ಟಲೆ ತಿಂದವರ ಮೂತ್ರಪಿಂಡ ಕೆಟ್ಟಿತು, ಕೆಲವರು ತೀರಿಕೊಂಡರು. ಅಣಬೆಯಲ್ಲಿ ಇರುವುದು ಅತ್ಯಲ್ಪ, ಅದರಿಂದ ಅಂಥ ಅಪಾಯವೇನೂ ಇಲ್ಲ. ಹಾಗೆಯೇ ಅದರಿಂದ ಲಾಭವೂ ಇಲ್ಲ.

ಹಾಗಾದರೆ ಈ ಅಣಬೆಯಲ್ಲಿ ವಿಜ್ಞಾನಿಗಳಿಗೆ ಆಸಕ್ತಿ ಹುಟ್ಟಿಸಿದ್ದು ಏನು? ಎರಡು ಗುಂಪಿನ ವಸ್ತುಗಳು. ಒಂದು, ಅದರ ಕೋಶಗೋಡೆಯಲ್ಲಿರುವ ಬೀಟಾ-ಗ್ಲೂಕಾನ್ ಎಂಬ ಪಾಲಿಸ್ಯಾಕರೈಡ್, ಅಂದರೆ ಸಕ್ಕರೆ ಅಣುಗಳ ಉದ್ದ ಸರಪಳಿ. ನಮ್ಮ ಬಿಳಿ ರಕ್ತಕಣಗಳ ಮೇಲೆ ಶಿಲೀಂಧ್ರಗಳನ್ನು ಗುರುತು ಹಿಡಿಯಲೆಂದೇ ಡೆಕ್ಟಿನ್-1 ಎಂಬ ಗ್ರಾಹಕ (ರಿಸೆಪ್ಟರ್) ಇದೆ. ಬೀಟಾ-ಗ್ಲೂಕಾನ್ ಅದಕ್ಕೆ ಅಂಟಿಕೊಂಡಾಗ ಶಿಲೀಂಧ್ರ ಒಳನುಗ್ಗಿದೆ ಎಂದು ತಿಳಿದು ಕಣ ಎಚ್ಚರಗೊಳ್ಳುತ್ತದೆ. ‘ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆ’ ಎಂಬ ಮಾತಿನ ಮೂಲ ಇಲ್ಲಿದೆ. ಎರಡನೆಯದು ಟ್ರೈಟರ್ಪೀನ್‌ಗಳು, ಅಂದರೆ ಗ್ಯಾನೋಡರಿಕ್ ಆಮ್ಲ ಮತ್ತು ಅದರ ಬಳಗ. 1982ರಲ್ಲಿ ಮೊದಲ ಎರಡನ್ನು ಬೇರ್ಪಡಿಸಿದರು, ಈಗ ನೂರಕ್ಕೂ ಹೆಚ್ಚು ಗೊತ್ತಿವೆ. ಈ ಅಣಬೆಯ ಗಂಟಲು ಹಿಡಿಯುವ ಕಹಿ ಇವುಗಳದ್ದೇ. ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಇವು ಕೊಲೆಸ್ಟೆರಾಲ್ ತಯಾರಿಸುವ ಕಿಣ್ವವನ್ನು ತಡೆಯುತ್ತವೆ, ರಕ್ತದೊತ್ತಡ ಏರಿಸುವ ಕಿಣ್ವವನ್ನು ತಡೆಯುತ್ತವೆ, ಕ್ಯಾನ್ಸರ್ ಕೋಶಗಳನ್ನು ಕುಗ್ಗಿಸುತ್ತವೆ. ಇವೆಲ್ಲ ನಿಜ. ಆದರೆ ತಟ್ಟೆಯಲ್ಲಿ ಕೋಶದ ಮೇಲೆ ನೇರವಾಗಿ ಸುರಿದಷ್ಟು ಸಾಂದ್ರತೆ, ನುಂಗಿದ ಕ್ಯಾಪ್ಸೂಲಿನಿಂದ ರಕ್ತಕ್ಕೆ ಸೇರುವುದು ಬೇರೆಯೇ ಮಾತು. ಅದು ತಿಳಿಯಬೇಕಾದರೆ ಮನುಷ್ಯರ ಮೇಲೆ ಪರೀಕ್ಷಿಸಿಯೇ ನೋಡಬೇಕು.

ಇಲ್ಲಿ ಒಂದು ಕಣ್ಕಟ್ಟು ನಡೆಯುತ್ತದೆ. ಬೀಟಾ-ಗ್ಲೂಕಾನ್ ಕೊಲೆಸ್ಟೆರಾಲ್ ಇಳಿಸುತ್ತದೆ ಎಂಬುದಕ್ಕೆ ಒಳ್ಳೆಯ ಪುರಾವೆ ಇದೆ, ಆದರೆ ಅದು ಓಟ್ಸ್ ಮತ್ತು ಬಾರ್ಲಿಯ ಬೀಟಾ-ಗ್ಲೂಕಾನ್‌ಗೆ, ಅದೂ ದಿನಕ್ಕೆ 3 ಗ್ರಾಂನಷ್ಟು ಹೊಟ್ಟೆಗೆ ಹೋದಾಗ. ಓಟ್ಸಿನ ಆ ವಸ್ತು ಕರುಳಿನಲ್ಲಿ ಗಂಜಿಯಂತೆ ಲೋಳೆಯಾಗಿ ಕೆಲಸ ಮಾಡುತ್ತದೆ. ಅಣಬೆಯದರ ರಚನೆ ಬೇರೆ, ಸಕ್ಕರೆ ಅಣುಗಳು ಕೊಂಡಿ ಹಾಕಿಕೊಂಡ ರೀತಿ ಬೇರೆ, 2 ಗ್ರಾಂ ಪುಡಿಯಲ್ಲಿ ಸಿಗುವ ಪ್ರಮಾಣವೂ ಬೇರೆ. ಹೆಸರು ಒಂದೇ ಎಂದು ಓಟ್ಸಿನ ಪುರಾವೆಯನ್ನು ಅಣಬೆಯ ಖಾತೆಗೆ ಬರೆದುಕೊಳ್ಳುತ್ತಾರೆ.

ಸಕ್ಕರೆ ಕಾಯಿಲೆಗೆ ಬರೋಣ, ನಿಮ್ಮ ಮುಖ್ಯ ಪ್ರಶ್ನೆ ಅದೇ. 2004ರಲ್ಲಿ ಚೀನಾದಲ್ಲಿ 71 ಜನರ ಮೇಲೆ ನಡೆದ ಒಂದು ಅಧ್ಯಯನದಲ್ಲಿ ಗ್ಯಾನೋಡರ್ಮಾ ಸಾರ ತೆಗೆದುಕೊಂಡವರ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ರಕ್ತಪರೀಕ್ಷೆ) 12 ವಾರಗಳಲ್ಲಿ ಶೇ 8.4ರಿಂದ 7.6ಕ್ಕೆ ಇಳಿಯಿತು. ಮಾರಾಟಗಾರರು ತೋರಿಸುವುದು ಇದನ್ನೇ. ಇದನ್ನು ನಾನು ತಳ್ಳಿಹಾಕುವುದಿಲ್ಲ, ಅದಕ್ಕೇ ಹೇಳುತ್ತಿದ್ದೇನೆ. ಆದರೆ ಅಷ್ಟಕ್ಕೇ ಮುಗಿಯಲಿಲ್ಲ. ಆಸ್ಟ್ರೇಲಿಯಾದ ಸಂಶೋಧಕರು ಇದನ್ನು ಬಿಗಿಯಾಗಿ ಪರೀಕ್ಷಿಸಲು ಹೊರಟರು. ಸಕ್ಕರೆ ಕಾಯಿಲೆಯ ಜೊತೆಗೆ ಬೊಜ್ಜು, ರಕ್ತದೊತ್ತಡದಂಥ ತೊಂದರೆಗಳೂ ಇದ್ದ 84 ಜನರನ್ನು ಚೀಟಿ ಎತ್ತಿದಂತೆ ಗುಂಪು ಮಾಡಿ, ಕೆಲವರಿಗೆ ದಿನಕ್ಕೆ 3 ಗ್ರಾಂ ಗ್ಯಾನೋಡರ್ಮಾ, ಕೆಲವರಿಗೆ ಅದರ ಜೊತೆ ಕಾರ್ಡಿಸೆಪ್ಸ್ ಎಂಬ ಇನ್ನೊಂದು ಶಿಲೀಂಧ್ರ, ಉಳಿದವರಿಗೆ ನೋಡಲು ಅದೇ ರೀತಿಯ ಖಾಲಿ ಕ್ಯಾಪ್ಸೂಲ್ ಕೊಟ್ಟರು. ಯಾರಿಗೆ ಯಾವುದು ಎಂಬುದು ತಿನ್ನುವವರಿಗೂ ಗೊತ್ತಿಲ್ಲ, ಕೊಡುವವರಿಗೂ ಗೊತ್ತಿಲ್ಲ. 16 ವಾರ ನಡೆಯಿತು. 2016ರಲ್ಲಿ ಫಲಿತಾಂಶ ಪ್ರಕಟವಾಯಿತು: ಎಚ್‌ಬಿಎ1ಸಿ ಮೇಲಾಗಲಿ ಖಾಲಿ ಹೊಟ್ಟೆಯ ಸಕ್ಕರೆಯ ಮೇಲಾಗಲಿ ಗಮನಿಸುವಂಥ ಪರಿಣಾಮ ಇಲ್ಲ. ನಿಮ್ಮ ತಾಯಿಯವರಿಗೆ ಹೇಳಿದ ಪ್ರಮಾಣಕ್ಕಿಂತ ಒಂದೂವರೆ ಪಟ್ಟು ಕೊಟ್ಟೂ ಇಷ್ಟೇ. ಅದಕ್ಕೆ ಒಂದು ವರ್ಷ ಮೊದಲು, 2015ರಲ್ಲಿ, ಕೊಕ್ರೇನ್ ಎಂಬ ಸ್ವತಂತ್ರ ಸಂಸ್ಥೆ ಆವರೆಗಿನ ಐದು ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿತ್ತು. ಸಕ್ಕರೆ ಕಾಯಿಲೆಯವರ ಹೃದಯಕ್ಕೆ ಅಪಾಯ ತರುವ ಅಂಶಗಳಿಗೆ ಗ್ಯಾನೋಡರ್ಮಾವನ್ನು ಚಿಕಿತ್ಸೆಯಾಗಿ ಬಳಸಲು ಪುರಾವೆ ಬೆಂಬಲ ಕೊಡುವುದಿಲ್ಲ ಎಂಬುದು ಅದರ ತೀರ್ಮಾನ. ಸಕ್ಕರೆ ಕಾಯಿಲೆ ಮತ್ತು ಹೃದಯ, ಎರಡೂ ಸೇರಿದ ನಿಮ್ಮ ತಾಯಿಯವರಂಥವರ ಬಗ್ಗೆಯೇ ಈ ಮಾತು.

ನೀವು ಕೇಳಿಲ್ಲದಿದ್ದರೂ ಕ್ಯಾನ್ಸರ್ ವಿಚಾರವನ್ನೂ ಒಂದೆರಡು ಮಾತಿನಲ್ಲಿ ಹೇಳುತ್ತೇನೆ, ಯಾಕೆಂದರೆ ಇದೇ ಡಬ್ಬಿ ನಾಳೆ ಇನ್ನೊಬ್ಬರ ಮನೆಗೆ ಆ ಹೆಸರಿನಲ್ಲಿ ಹೋಗುತ್ತದೆ. ಕೊಕ್ರೇನ್‌ನ 2016ರ ಪರಿಶೀಲನೆಯಲ್ಲಿ ಐದು ಪ್ರಯೋಗ, 373 ರೋಗಿಗಳು. ಕಿಮೋ ಅಥವಾ ರೇಡಿಯೇಶನ್ ಜೊತೆಗೆ ಗ್ಯಾನೋಡರ್ಮಾ ಪಡೆದವರಲ್ಲಿ ಚಿಕಿತ್ಸೆಗೆ ಸ್ಪಂದನ ಸ್ವಲ್ಪ ಉತ್ತಮ ಇರಬಹುದು ಎಂಬ ಸೂಚನೆ ಕಂಡಿತು, ಕೆಲವರ ಸುಸ್ತು ಕಡಿಮೆಯಾಯಿತು. ಆದರೆ ಪ್ರಯೋಗಗಳ ಗುಣಮಟ್ಟ ಕಳಪೆ. ಗ್ಯಾನೋಡರ್ಮಾ ಒಂದನ್ನೇ ಕೊಟ್ಟಾಗ ಆ ಮಟ್ಟದ ಸ್ಪಂದನ ಕಾಣಲಿಲ್ಲ, ಆಯುಷ್ಯ ಹೆಚ್ಚುತ್ತದೆ ಎಂಬುದಕ್ಕೂ ಪುರಾವೆ ಇಲ್ಲ. ಕಿಮೋ ಬಿಟ್ಟು ಇದನ್ನು ಹಿಡಿದವರು ಗುಣವಾಗಬಹುದಾದ ಕಾಲವನ್ನು ಕಳೆದುಕೊಳ್ಳುತ್ತಾರೆ.

ಇನ್ನು ಅಪಾಯ. ಗ್ಯಾನೋಡರ್ಮಾಕ್ಕೆ ರಕ್ತದ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟುವುದನ್ನು ತಗ್ಗಿಸುವ ಗುಣ ಪ್ರಯೋಗಾಲಯದಲ್ಲಿ ಕಂಡಿದೆ. ಆಸ್ಪಿರಿನ್ ಮತ್ತು ಕ್ಲೊಪಿಡೊಗ್ರೆಲ್ ಮಾಡುವುದೂ ಅದೇ ಕೆಲಸ. ಆರೋಗ್ಯವಂತರಲ್ಲಿ ಇದು ತೊಂದರೆ ಕೊಡದೇ ಇರಬಹುದು. ಆದರೆ ಆಗಲೇ ಎರಡು ಮಾತ್ರೆ ತಿನ್ನುತ್ತಿರುವ 64 ವರ್ಷದ ಹೆಂಗಸಿಗೆ ಮೂರನೆಯದನ್ನು ಸೇರಿಸಿ ಪರೀಕ್ಷೆ ಮಾಡುವುದು ಯಾವ ನ್ಯಾಯ? ವಸಡಿನಲ್ಲಿ ರಕ್ತ, ಮೈಮೇಲೆ ನೀಲಿ ಕಲೆ, ಟಾರಿನಂತೆ ಕಪ್ಪಾದ ಮಲ, ಇವು ಗಮನಿಸಬೇಕಾದ ಲಕ್ಷಣಗಳು. ಹಲ್ಲು ಕೀಳಿಸುವಾಗ, ಶಸ್ತ್ರಚಿಕಿತ್ಸೆಗೆ ಹೋಗುವಾಗ ಇಂಥ ಪುಡಿ ತಿನ್ನುತ್ತಿದ್ದರೆ ಮೊದಲೇ ಹೇಳಬೇಕು, ನಾವು ಹೇಳುವುದೇ ಇಲ್ಲ.

ಯಕೃತ್ತಿನ ಮಾತು ಇದಕ್ಕಿಂತ ಗಂಭೀರ. ಹಾಂಗ್‌ಕಾಂಗ್‌ನ ವೈದ್ಯರು 2004ರಲ್ಲಿ ಲಿಂಗ್‌ಝಿ ಪುಡಿಯಿಂದ ಯಕೃತ್ತಿಗೆ ಪೆಟ್ಟಾದದ್ದನ್ನು ದಾಖಲಿಸಿದರು. 2007ರಲ್ಲಿ ಥಾಯ್ಲೆಂಡಿನಿಂದ ಬಂದ ವರದಿಯಲ್ಲಿ ಯಕೃತ್ತು ಪೂರ್ತಿ ಕೈಕೊಟ್ಟು ಸಾವು ಸಂಭವಿಸಿತ್ತು. ಆ ರೋಗಿ ಮೊದಲು ಅಣಬೆಯನ್ನು ಕುದಿಸಿ ಬಸಿದ ನೀರು ಕುಡಿಯುತ್ತಿದ್ದವರು, ಆಮೇಲೆ ಪುಡಿಗೆ ಬದಲಾಯಿಸಿ ಒಂದೆರಡು ತಿಂಗಳಾಗಿತ್ತು ಅಷ್ಟೇ. ಈ ವ್ಯತ್ಯಾಸ ನನಗೆ ಬಹಳ ಮುಖ್ಯವೆನಿಸುತ್ತದೆ. ಗ್ಯಾನೋಡರ್ಮಾ ಮರದ ತುಂಡಿನಷ್ಟು ಗಟ್ಟಿ, ಅದನ್ನು ಯಾರೂ ಪಲ್ಯ ಮಾಡಿ ತಿಂದವರಲ್ಲ. ಹಳೆಯ ಕಾಲದವರು ಹೋಳು ಮಾಡಿ ಗಂಟೆಗಟ್ಟಲೆ ಕುದಿಸಿ, ನೀರು ಕುಡಿದು, ಚರಟ ಎಸೆಯುತ್ತಿದ್ದರು. ಇಡೀ ಅಣಬೆಯನ್ನು ನುಣ್ಣಗೆ ಬೀಸಿ ನುಂಗುವ ಪದ್ಧತಿಗೆ ಎರಡು ಸಾವಿರ ವರ್ಷದ ಅನುಭವದ ಬೆಂಬಲ ಇಲ್ಲ. ಇಂಥ ಪ್ರಕರಣಗಳು ವಿರಳ, ಹೆದರಿಸಲು ಹೇಳುತ್ತಿಲ್ಲ. ಆದರೆ ‘ಯಾವ ಅಡ್ಡಪರಿಣಾಮವೂ ಇಲ್ಲ’ ಎಂಬುದು ಸುಳ್ಳು.

‘ವಿಷ ಹೊರಗೆ ಹೋಗುತ್ತಿದೆ’ ಎಂಬ ಮಾತಿನ ಬಗ್ಗೆ ನನಗೆ ಸಿಟ್ಟಿದೆ. ತುರಿಕೆ ಯಕೃತ್ತು ಸೋಲುತ್ತಿರುವುದರ ಮೊದಲ ಲಕ್ಷಣವಾಗಿರಬಹುದು. ವಾಕರಿಕೆ, ಭೇದಿ, ಮಲಬದ್ಧತೆ ಈ ಅಣಬೆಯ ಪ್ರಯೋಗಗಳಲ್ಲೇ ದಾಖಲಾದ ತೊಂದರೆಗಳು. ಥಾಯ್ಲೆಂಡಿನದೇ ಇನ್ನೊಂದು ವರದಿಯಲ್ಲಿ, ಬಹಳ ಕಾಲದಿಂದ ನೀರು ಭೇದಿಯಾಗುತ್ತಿದ್ದ ದುಗ್ಧರಸ ಗ್ರಂಥಿಯ ಕ್ಯಾನ್ಸರಿನ (ಲಿಂಫೋಮಾ) ರೋಗಿಯೊಬ್ಬರ ಮಲದಲ್ಲಿ ಪರಾವಲಂಬಿ ಹುಳುವಿನ ಮೊಟ್ಟೆಯಂಥವು ಕಂಡವು. ಕೂಲಂಕಷವಾಗಿ ನೋಡಿದರೆ ಅವು ಅವರು ತಿನ್ನುತ್ತಿದ್ದ ಗ್ಯಾನೋಡರ್ಮಾ ಪುಡಿಯ ಬೀಜಕಣಗಳು! ಪುಡಿ ನಿಲ್ಲಿಸಿದ ಮೇಲೆ ಅವೂ ಮಾಯವಾದವು. ದೇಹ ಬೇಡ ಎನ್ನುತ್ತಿರುವ ಹೊತ್ತಿನಲ್ಲಿ ಅದನ್ನು ಗುಣವಾಗುವ ಲಕ್ಷಣ ಎಂದು ತಿಳಿಯುವಂತೆ ಜನರನ್ನು ಮೊದಲೇ ಸಿದ್ಧಪಡಿಸುವುದು ದೊಡ್ಡ ಅನ್ಯಾಯ.

ಡಬ್ಬಿಯೊಳಗೆ ನಿಜಕ್ಕೂ ಗ್ಯಾನೋಡರ್ಮಾ ಇದೆಯೇ ಎಂಬುದೂ ಪ್ರಶ್ನೆಯೇ. ಅಮೆರಿಕದ ಮಾರುಕಟ್ಟೆಯಿಂದ ತಂದ 19 ಮಾದರಿಗಳನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಲೇಬಲ್ ಹೇಳಿದಂತೆ ಇದ್ದದ್ದು ಐದು ಮಾತ್ರ. ಇದಕ್ಕೆ ಒಂದು ಕಾರಣ ಬೆಳೆಯುವ ವಿಧಾನ. ಅಣಬೆ ಪೂರ್ತಿ ಬೆಳೆಯಲು ತಿಂಗಳುಗಳು ಬೇಕು. ಅದರ ಬದಲು ಅಕ್ಕಿಯಂಥ ಧಾನ್ಯದ ಮೇಲೆ ಶಿಲೀಂಧ್ರದ ಎಳೆಗಳನ್ನು ಹಬ್ಬಿಸಿ, ಧಾನ್ಯದ ಸಮೇತ ಒಣಗಿಸಿ ಪುಡಿ ಮಾಡುವುದು ಅಗ್ಗ. ಲೇಬಲ್ ಮೇಲೆ ‘ಪಾಲಿಸ್ಯಾಕರೈಡ್ ಶೇ 30’ ಎಂದು ಬರೆಯಲೂ ಅಡ್ಡಿಯಿಲ್ಲ, ಯಾಕೆಂದರೆ ಅಕ್ಕಿಯ ಪಿಷ್ಟವೂ ಪಾಲಿಸ್ಯಾಕರೈಡೇ. ಇದನ್ನು ಮನೆಯಲ್ಲೇ ನೋಡಬಹುದು. ಒಂದು ಕ್ಯಾಪ್ಸೂಲ್ ಬಿಚ್ಚಿ, ಪುಡಿಯನ್ನು ಬಿಸಿನೀರಿನಲ್ಲಿ ಕದಡಿ, ಪೂರ್ತಿ ಆರಿದ ಮೇಲೆ ಟಿಂಕ್ಚರ್ ಅಯೋಡಿನ್ ಎರಡು ಹನಿ ಹಾಕಿ. ಶಾಲೆಯಲ್ಲಿ ಆಲೂಗಡ್ಡೆಗೆ ಮಾಡಿದ ಪರೀಕ್ಷೆಯೇ ಇದು. ಕಡುನೀಲಿಗೆ ತಿರುಗಿದರೆ ಒಳಗೆ ಪಿಷ್ಟ ಇದೆ. ನೋಡಿ ಆದ ಮೇಲೆ ಚೆಲ್ಲಿಬಿಡಿ. ಬಣ್ಣ ತಿರುಗಲಿಲ್ಲ ಎಂದರೆ ಔಷಧಿ ಅಸಲಿ, ಸುರಕ್ಷಿತ ಎಂದಲ್ಲ, ಹಿಟ್ಟು ಬೆರೆತಿಲ್ಲ ಎಂದಷ್ಟೇ. ಸಕ್ಕರೆ ಇಳಿಸುವ ಗಿಡಮೂಲಿಕೆ ಎಂದು ಮಾರಿದ ಪುಡಿಗಳಲ್ಲಿ ಗ್ಲಿಬೆನ್‌ಕ್ಲಮೈಡ್‌ನಂಥ ಇಂಗ್ಲಿಷ್ ಔಷಧಿಯನ್ನೇ ಗುಟ್ಟಾಗಿ ಬೆರೆಸಿದ್ದು ಹಲವು ದೇಶಗಳಲ್ಲಿ ಸಿಕ್ಕಿಬಿದ್ದಿದೆ. ತಾಯಿಯವರು ಗ್ಲಿಮೆಪಿರೈಡ್ ತಿನ್ನುತ್ತಿದ್ದಾರೆ. ಅದರ ಮೇಲೆ ಇಂಥದ್ದು ಸೇರಿದರೆ ಸಕ್ಕರೆ ಒಮ್ಮೆಲೇ ಕುಸಿದು ತಲೆಸುತ್ತಿ ಬೀಳಬಹುದು.

ಕಾಫಿ ಪುಡಿಯ ಪೊಟ್ಟಣವನ್ನು ತಿರುಗಿಸಿ ಪದಾರ್ಥಗಳ ಪಟ್ಟಿ ಓದಿ. ತೂಕದಲ್ಲಿ ಹೆಚ್ಚಿರುವುದು ಮೊದಲು ಬರಬೇಕು ಎಂಬುದು ನಿಯಮ. ಹಾಲಿನ ಬದಲಿ ಪುಡಿ, ಸಕ್ಕರೆ ಬೆರೆಸಿದ ಸ್ಯಾಷೆಯಾದರೆ ಆ ಎರಡೇ ಮೇಲೆ ಇರುತ್ತವೆ, ಗ್ಯಾನೋಡರ್ಮಾ ಕೊನೆಯಲ್ಲಿ. ಸಕ್ಕರೆ ಕಾಯಿಲೆಯವರಿಗೆ ಅದನ್ನು ಔಷಧಿ ಎಂದು ಕೊಡುವುದು ಎಷ್ಟು ವಿಪರೀತ ನೋಡಿ. ಕ್ಯಾಪ್ಸೂಲ್ ಡಬ್ಬಿಯ ಮೇಲೂ ‘ಔಷಧೀಯ ಬಳಕೆಗಲ್ಲ’ ಎಂಬ ಅರ್ಥದ ಇಂಗ್ಲಿಷ್ ಸಾಲು ಹುಡುಕಿ, ಆಹಾರ ಪೂರಕಗಳ ಮೇಲೆ ಅದನ್ನು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಕಡ್ಡಾಯ ಮಾಡಿದೆ. ಸಕ್ಕರೆ ಕಾಯಿಲೆ, ಕ್ಯಾನ್ಸರ್ ಗುಣಪಡಿಸುತ್ತೇವೆ ಎಂದು ಜಾಹೀರಾತು ಕೊಡುವುದನ್ನು 1954ರ ಕಾಯ್ದೆಯೇ ನಿಷೇಧಿಸಿದೆ. ಬಾಯಿ ಮಾತಿನಲ್ಲಿ ಹೇಳುವುದನ್ನು ಡಬ್ಬಿಯ ಮೇಲೆ ಅಚ್ಚು ಹಾಕುವ ಧೈರ್ಯ ಅವರಿಗೆ ಯಾಕಿಲ್ಲ ಎಂದು ದೊಡ್ಡಪ್ಪನ ಮಗನನ್ನು ಪ್ರೀತಿಯಿಂದಲೇ ಕೇಳಿ. ಅವನೂ ದುಡ್ಡು ಕಟ್ಟಿ ಡಬ್ಬಿ ತಂದು, ನಂಬಿಯೇ ಕೊಟ್ಟಿರಬಹುದು.

ತಾಯಿಯವರು ಈಗಾಗಲೇ ತಿನ್ನಲು ಶುರು ಮಾಡಿದ್ದರೆ ನಿಲ್ಲಿಸಿ. ಯಕೃತ್ತಿನ ರಕ್ತಪರೀಕ್ಷೆ, ಅಂದರೆ ಎಲ್‌ಎಫ್‌ಟಿ, ಒಮ್ಮೆ ಮಾಡಿಸಿ. ಕಣ್ಣು ಹಳದಿಯಾದರೆ, ಮೂತ್ರ ಗಾಢವಾದರೆ, ಊಟ ಸೇರದಿದ್ದರೆ ಅದೇ ದಿನ ವೈದ್ಯರಲ್ಲಿಗೆ ಹೋಗಿ, ಡಬ್ಬಿಯನ್ನೂ ಕೊಂಡೊಯ್ಯಿರಿ. ಅಣಬೆ ತಿನ್ನುವ ಆಸೆ ಇದ್ದರೆ ಆಯ್ಸ್ಟರ್ ಅಥವಾ ಬಟನ್ ಅಣಬೆಯ ಸಾರು, ಪಲ್ಯ ಧಾರಾಳವಾಗಿ ಮಾಡಿಕೊಡಿ, ಸಕ್ಕರೆ ಕಾಯಿಲೆಗೆ ಒಳ್ಳೆಯ ಆಹಾರ. ಹೆಚ್ಚುವ ಮೊದಲು ಮಧ್ಯಾಹ್ನದ ಬಿಸಿಲಿನಲ್ಲಿ ಗೀರುಗಳಿರುವ ಭಾಗ ಮೇಲೆ ಬರುವಂತೆ ಸ್ವಲ್ಪ ಹೊತ್ತು ಇಟ್ಟರೆ ಅದರಲ್ಲಿರುವ ಎರ್ಗೋಸ್ಟೆರಾಲ್ ವಿಟಮಿನ್ ಡಿ2 ಆಗುತ್ತದೆ. ಡಬ್ಬಿಗೆ ಹಾಕುವ ದುಡ್ಡಿನಲ್ಲಿ ಎಚ್‌ಬಿಎ1ಸಿ, ಮೂತ್ರದ ಅಲ್ಬುಮಿನ್ ಪರೀಕ್ಷೆ ಮಾಡಿಸಿ, ಕಣ್ಣಿನ ರೆಟಿನಾ ತೋರಿಸಿ. ಇಷ್ಟು ವರ್ಷದ ಸಕ್ಕರೆ ಕಾಯಿಲೆಗೆ ಇವು ತಪ್ಪದೆ ಆಗಬೇಕಾದವು.

ತೋಟದ ಅಣಬೆಯ ಕಷಾಯ ಖಂಡಿತ ಬೇಡ. ಮೇಲ್ಭಾಗ ವಾರ್ನಿಷ್ ಬಳಿದಂತೆ ಹೊಳೆಯುವ ಕೆಂಗಂದು, ಅಂಚು ಬಿಳಿ ಹಳದಿ, ಸುತ್ತ ತುಕ್ಕಿನ ಬಣ್ಣದ ಬೀಜಕಣದ ಧೂಳು ಇದ್ದರೆ ಅದು ಗ್ಯಾನೋಡರ್ಮಾ ಕುಲದ್ದೇ ಇರಬಹುದು. ಆದರೆ ಈ ಕುಲದಲ್ಲಿ ಹತ್ತಾರು ಜಾತಿಗಳಿವೆ. ಚೀನಾದವರು ಬೆಳೆಸುವ ಜಾತಿಯೂ ಯುರೋಪಿನಲ್ಲಿ ಮೊದಲು ಹೆಸರಿಸಿದ ಜಾತಿಯೂ ಬೇರೆ ಬೇರೆ ಎಂದು ತಜ್ಞರು 2012ರಲ್ಲಷ್ಟೇ ಬೇರ್ಪಡಿಸಿದರು. ಕಣ್ಣಂದಾಜಿನಲ್ಲಿ ಹೇಳಲು ಬರುವುದಿಲ್ಲ. ಜೊತೆಗೆ ಅಣಬೆಗಳು ಮಣ್ಣಿನ, ಮರದ ಭಾರಲೋಹಗಳನ್ನು ಹೀರಿ ಕೂಡಿಟ್ಟುಕೊಳ್ಳುತ್ತವೆ, ನಿಮ್ಮ ತೋಟದ ಸಿಂಪರಣೆಯೂ ಅದರಲ್ಲಿ ಇರುತ್ತದೆ.

ಮರದ ಮಟ್ಟಿಗೆ ಅದು ಕೆಟ್ಟ ಸುದ್ದಿ. ನಮ್ಮ ಅಡಿಕೆ, ತೆಂಗು ಬೆಳೆಗಾರರು ಅಣಬೆ ರೋಗ ಎನ್ನುವುದು ಇದನ್ನೇ. ಬುಡದಲ್ಲಿ ಅಣಬೆ ಕಾಣುವ ಹೊತ್ತಿಗೆ ಒಳಗೆ ಬೇರು, ಕಾಂಡ ಬಹಳಷ್ಟು ಕೊಳೆತಿರುತ್ತದೆ. ಸೋಗೆ ಹಳದಿಯಾಗಿ ಜೋಲುವುದು, ಬುಡದಿಂದ ಕಂದು ರಸ ಒಸರುವುದು ಕಂಡರೆ ಖಾತ್ರಿ. ರೋಗ ಬೇರಿನಿಂದ ಬೇರಿಗೆ ಹರಡುತ್ತದೆ. ಆ ಮರದ ಸುತ್ತ ಎರಡು ಅಡಿ ಆಳ, ಒಂದು ಅಡಿ ಅಗಲದ ಕಂದಕ ತೆಗೆದು ಬೇರ್ಪಡಿಸಿ, ಅದರ ನೀರು ಪಕ್ಕದ ಮರಗಳಿಗೆ ಹರಿಯದಂತೆ ನೋಡಿಕೊಳ್ಳಿ, ಅಣಬೆಯನ್ನು ಕಿತ್ತು ಸುಟ್ಟುಬಿಡಿ. ಸುತ್ತಲಿನ ಮರಗಳಿಗೆ ಬೇವಿನ ಹಿಂಡಿಯ ಜೊತೆ ಟ್ರೈಕೋಡರ್ಮಾ (ರೋಗದ ಶಿಲೀಂಧ್ರವನ್ನು ಹತ್ತಿಕ್ಕುವ ಇನ್ನೊಂದು ಶಿಲೀಂಧ್ರ) ಕೊಡುವುದು, ಬೇರಿನ ಮೂಲಕ ಶಿಲೀಂಧ್ರನಾಶಕ ಉಣಿಸುವುದು ರೂಢಿಯಲ್ಲಿದೆ. ಪ್ರಮಾಣ ಕೇಳಿಯೇ ಹಾಕಿ. ತುಮಕೂರಿನ ಹತ್ತಿರ ಹಿರೇಹಳ್ಳಿಯಲ್ಲೂ ತಿಪಟೂರಿನ ಕೊನೇಹಳ್ಳಿಯಲ್ಲೂ ಕೃಷಿ ವಿಜ್ಞಾನ ಕೇಂದ್ರಗಳಿವೆ. ಹೋಗುವಾಗ ಮರದ ಬುಡದ, ಸೋಗೆಯ ಫೋಟೊ ತೆಗೆದುಕೊಂಡು ಹೋಗಿ.